ಸೋಲುವ ಮೊದಲು ಸಿಡಿಮಿಡಿ

ಅಂಗೈ ಚಾಚಿ ನೋಡಿ. ಹೆಬ್ಬೆರಳಿನ ಬುಡದಲ್ಲಿ ಒಂದು ಮಾಂಸದ ದಿಬ್ಬವಿದೆ, ಕಿರುಬೆರಳಿನ ಬುಡದಲ್ಲಿ ಇನ್ನೊಂದು. ಕೈ ಮಗುಚಿ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದರೆ ಆ ಎರಡು ಬೆರಳುಗಳ ಸಂದಿಯಲ್ಲಿ ಮೂರನೆಯ ಸ್ನಾಯುವೊಂದು ಉಬ್ಬುತ್ತದೆ. ಮೋಟಾರ್ ನ್ಯೂರಾನ್ ಕಾಯಿಲೆ ಕೈಯಿಂದ ಶುರುವಾಗಿರಬಹುದೆಂಬ ಅನುಮಾನ ಬಂದಾಗ ಅನುಭವಿ ನರವೈದ್ಯರ ಕಣ್ಣು ಹೋಗುವುದು ಈ ಮೂರು ಜಾಗಗಳ ಮೇಲೆ. ಹೆಬ್ಬೆರಳ ಬುಡ ಚಪ್ಪಟೆಯಾಗಿರುತ್ತದೆ, ಸಂದಿಯಲ್ಲಿ ಗುಳಿ ಬಿದ್ದಿರುತ್ತದೆ, ಕಿರುಬೆರಳಿನ ಬುಡ ಮಾತ್ರ ತುಂಬಿಕೊಂಡೇ ಇರುತ್ತದೆ. ರೋಗಿಯ ದೂರು ಇಷ್ಟೇ: ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ, ಬೀಗದಲ್ಲಿ ಕೀಲಿಕೈ ತಿರುಗಿಸಲು ಬಲ ಸಾಲುತ್ತಿಲ್ಲ. ನೋವಿಲ್ಲ, ಜೋಮು ಹಿಡಿಯುವುದಿಲ್ಲ.

ಒಗಟು ಇರುವುದು ಇಲ್ಲೇ. ಸಂದಿಯ ಸ್ನಾಯುವಿಗೂ ಕಿರುಬೆರಳ ಬುಡದ ಸ್ನಾಯುವಿಗೂ ಆಜ್ಞೆ ತರುವುದು ಒಂದೇ ನರ. ಮೊಣಕೈ ಎಲ್ಲಾದರೂ ತಗುಲಿದಾಗ ಝುಮ್ಮೆನ್ನುತ್ತದಲ್ಲ, ಅದೇ ಅಲ್ನಾರ್ ನರ. ಮೂರೂ ಸ್ನಾಯುಗಳ ನರದೆಳೆಗಳು ಹೊರಡುವುದು ಕತ್ತಿನ ಬುಡದಲ್ಲಿ, ಬೆನ್ನುಹುರಿಯ ಅದೇ ಎರಡು ಅಕ್ಕಪಕ್ಕದ ತುಂಡುಗಳಿಂದ. ಮೊಣಕೈಯಲ್ಲಿ ನರ ಒತ್ತಿಕೊಂಡಿದ್ದರೆ, ಕತ್ತಿನ ಡಿಸ್ಕ್ ಜಾರಿದ್ದರೆ, ಸಂದಿಯೂ ಕಿರುಬೆರಳೂ ಒಟ್ಟಿಗೇ ಸೊರಗಬೇಕು. ಒಂದೇ ನರದ ಇಬ್ಬರು ಮಕ್ಕಳಲ್ಲಿ ಹೀಗೆ ಪಂಕ್ತಿಭೇದ ಮಾಡುವ ಕಾಯಿಲೆ ನರದಲ್ಲಿ ಹುಟ್ಟಿರಲಾರದು ಎಂಬ ಅನುಮಾನ ಸಹಜ.

ಹಾಗಾದರೆ ಎಲ್ಲಿ ಹುಟ್ಟಿತು? ತಲೆಯಲ್ಲಿ ಎನ್ನುತ್ತಾರೆ ಸಿಡ್ನಿಯ ನರವಿಜ್ಞಾನಿ ಮ್ಯಾಥ್ಯೂ ಕೀರ್ನನ್ ಮತ್ತು ಅವರ ಜೊತೆ ದುಡಿದ ಸ್ಟೀವ್ ವೂಸಿಚ್. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಪೆನ್ನು ಹಿಡಿಯುವವರೆಗೆ ಮನುಷ್ಯನ ಕೈಕೆಲಸವೆಲ್ಲ ಹೆಬ್ಬೆರಳು ಮತ್ತು ತೋರುಬೆರಳ ಚಿಮುಟದಿಂದ ನಡೆಯುತ್ತದೆ. ಮಿದುಳು ಆ ಸ್ನಾಯುಗಳಿಗೆ ಕಿರುಬೆರಳಿಗಿಂತ ಹೆಚ್ಚು ಜಾಗ, ಹೆಚ್ಚು ನೇರ ಸಂಪರ್ಕ ಕೊಟ್ಟಿದೆ. ಮಿದುಳಿನಿಂದ ಬರುವ ಹೊಡೆತವೇ ಕಾಯಿಲೆಯಾದರೆ ಹೆಚ್ಚು ಸಂಪರ್ಕ ಇರುವವನಿಗೇ ಹೆಚ್ಚು ಪೆಟ್ಟು. ಕಾಯಿಲೆ ಮಿದುಳಿನಲ್ಲಿ ಶುರುವಾಗಿ ಬೆನ್ನುಹುರಿಗೆ ಇಳಿಯುತ್ತದೆಂಬ ಈ ಊಹೆಯನ್ನು 1992ರಲ್ಲೇ ಕೆನಡಾದ ಆಂಡ್ರ್ಯೂ ಐಸೆನ್ ಮುಂದಿಟ್ಟಿದ್ದರು. ಕೀರ್ನನ್ ಬಳಗ ಮಾಡಿದ್ದು ಅದನ್ನು ಅಳೆಯುವ ಕೆಲಸ.

ಅಳತೆಯ ಕತೆಗೆ ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ನಮ್ಮ ಇಚ್ಛೆಯಂತೆ ಚಲಿಸುವ ಸ್ನಾಯುಗಳಿಗೆ ಎರಡು ಹಂತದ ನರಕೋಶಗಳು ಬೇಕು. ಮೊದಲ ಹಂತದವು ಮಿದುಳಿನ ಹೊರಪದರದಲ್ಲಿ ಕೂತು ಬೆನ್ನುಹುರಿಯವರೆಗೆ ಎಳೆ ಚಾಚುತ್ತವೆ. ಎರಡನೆಯವು ಬೆನ್ನುಹುರಿಯಿಂದ ಹೊರಟು ಸ್ನಾಯುವನ್ನು ಮುಟ್ಟುತ್ತವೆ. ಕಾಲ ಪಾದದ ಸ್ನಾಯುವಿಗೆ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ, ಅದನ್ನು ಸಾಕುವ ಕೋಶವೋ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಈ ಎರಡೂ ಹಂತದ ಕೋಶಗಳು ಒಟ್ಟಿಗೆ ಸಾಯುವ ಕಾಯಿಲೆಯನ್ನು ಪ್ಯಾರಿಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ 1869ರಲ್ಲಿ ಗುರುತಿಸಿದವನು ಜ್ಯಾಂ ಮಾರ್ಟಿನ್ ಶಾರ್ಕೋ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಎಂಎನ್‌ಡಿ ಎನ್ನುತ್ತಾರೆ, ಅಮೆರಿಕದಲ್ಲಿ ಎಎಲ್‌ಎಸ್. ಬೇಸ್‌ಬಾಲ್ ಆಟಗಾರ ಲೂ ಗೆರಿಗ್ 1941ರಲ್ಲಿ ಇದಕ್ಕೆ ಬಲಿಯಾದ ಮೇಲೆ ಅಲ್ಲಿನ ಜನ ಅವನ ಹೆಸರಿನಿಂದಲೂ ಕರೆಯುತ್ತಾರೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷಕ್ಕೆ ಇಬ್ಬರಿಗೆ ಹೊಸದಾಗಿ ಬರುತ್ತದೆ, ಬಂದವರಲ್ಲಿ ಹೆಚ್ಚಿನವರು ಬದುಕುವುದು ಮೂರರಿಂದ ಐದು ವರ್ಷ. ಇಪ್ಪತ್ತೊಂದರ ಹರೆಯದಲ್ಲಿ ಕಾಯಿಲೆ ಹಿಡಿದು ಎಪ್ಪತ್ತಾರರವರೆಗೆ ಬದುಕಿದ ಸ್ಟೀಫನ್ ಹಾಕಿಂಗ್ ತೀರಾ ಅಪರೂಪ. ಅವರ ಉದಾಹರಣೆ ಕೊಟ್ಟು ರೋಗಿಗಳ ಮನೆಯವರಿಗೆ ಸಮಾಧಾನ ಹೇಳುವ ಬಂಧುಗಳು ಇದನ್ನು ನೆನಪಿಟ್ಟರೆ ಒಳ್ಳೆಯದು.

ವಿಚಿತ್ರವೆಂದರೆ ಎಲ್ಲ ಚಾಲಕ ನರಕೋಶಗಳೂ ಸೋಲುವುದಿಲ್ಲ. ಕೈ, ಕಾಲು, ನಾಲಗೆ, ಗಂಟಲು, ಕೊನೆಗೆ ಉಸಿರಾಟದ ವಪೆ ಸೋಲುತ್ತವೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುಗಳು ಕೊನೆಯವರೆಗೂ ಕೆಲಸ ಮಾಡುತ್ತವೆ, ಮಲಮೂತ್ರದ ಹಿಡಿತ ಸಾಮಾನ್ಯವಾಗಿ ತಪ್ಪುವುದಿಲ್ಲ. ಹಾಸಿಗೆ ಹಿಡಿದವರು ಕಣ್ಣಿನ ಚಲನೆಯಿಂದಲೇ ಕಂಪ್ಯೂಟರಿನಲ್ಲಿ ಅಕ್ಷರ ಆರಿಸಿ ಮಾತಾಡಬಹುದಾಗಿರುವುದು ಇದರಿಂದ. ಇದಕ್ಕೆ ಕೊಡುವ ಒಂದು ವಿವರಣೆ ನಮ್ಮ ವಿಷಯಕ್ಕೆ ಹತ್ತಿರದ್ದು. ನರಕೋಶ ಸಿಡಿದಾಗಲೆಲ್ಲ, ಅಂದರೆ ಸಂದೇಶ ಹೊರಡಿಸಿದಾಗಲೆಲ್ಲ, ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಹೆಚ್ಚಾದರೆ ಅದೇ ವಿಷ. ಕಣ್ಣಿನ ಚಾಲಕ ಕೋಶಗಳಲ್ಲಿ ಈ ಕ್ಯಾಲ್ಸಿಯಂ ಹೀರಿಕೊಳ್ಳುವ ಪ್ರೋಟೀನುಗಳು ಧಾರಾಳವಾಗಿವೆ, ಕೈಕಾಲಿನ ಕೋಶಗಳಲ್ಲಿ ಅವುಗಳ ಕೊರತೆ. ಅಂದರೆ ಕೈಕಾಲಿನ ಕೋಶಗಳಿಗೆ ಅತಿಯಾಗಿ ಸಿಡಿಯುವುದು ಹೇಳಿಸಿದ್ದಲ್ಲ.

ಆದರೆ ಅವು ಅತಿಯಾಗಿ ಸಿಡಿಯುತ್ತವೆ. ಕಾಯಿಲೆಯ ಮೊದಲ ತಿಂಗಳುಗಳಲ್ಲಿ ತೋಳಿನ, ತೊಡೆಯ ಚರ್ಮದಡಿ ಮಾಂಸ ತಾನಾಗಿ ಪಟಪಟ ಅದುರುತ್ತದೆ, ರಾತ್ರಿ ಮೀನಖಂಡ ಸೆಟೆದುಕೊಳ್ಳುತ್ತದೆ. ಸಾಯುತ್ತಿರುವ ನರ ಮಂಕಾಗಿ, ಮೌನವಾಗಿ ಕುಸಿಯುತ್ತದೆಂದು ನಾವು ಊಹಿಸಿಕೊಂಡರೆ ಇಲ್ಲಿ ನಡೆಯುವುದು ಅದರ ತದ್ವಿರುದ್ಧ: ಯಾರೂ ಕರೆಯದೆ ಓಗೊಡುವ ನರ. ಈ ಸಿಡಿಮಿಡಿ ಕಾಯಿಲೆಯ ಪರಿಣಾಮವೋ ಅಥವಾ ಕಾಯಿಲೆಯನ್ನು ಮುಂದಕ್ಕೆ ತಳ್ಳುವ ಶಕ್ತಿಯೋ ಎಂಬುದೇ ಕಳೆದ ಮೂರು ದಶಕಗಳ ಜಗಳ.

ಜಗಳ ಬಗೆಹರಿಯಲು ನರದ ಸಿಡುಕುತನವನ್ನು ಅಂಕಿಯಲ್ಲಿ ಹಿಡಿಯಬೇಕು. ಆಸ್ಪತ್ರೆಗಳಲ್ಲಿ ಮಾಡುವ ಮಾಮೂಲಿ ನರಪರೀಕ್ಷೆಗೆ ಅದು ಸಿಗುವುದಿಲ್ಲ. ಅಲ್ಲಿ ಮಣಿಕಟ್ಟಿನ ನರಕ್ಕೆ ಜೋರಾಗಿ ಕರೆಂಟ್ ಕೊಟ್ಟು ಸಂದೇಶ ಎಷ್ಟು ವೇಗದಲ್ಲಿ ಓಡಿತು, ಸ್ನಾಯು ಎಷ್ಟು ಬಲವಾಗಿ ಓಗೊಟ್ಟಿತು ಎಂದು ನೋಡುತ್ತಾರೆ. ಎಂಎನ್‌ಡಿಯಲ್ಲಿ ಉಳಿದಿರುವ ಎಳೆಗಳು ಸೆಕೆಂಡಿಗೆ ಐವತ್ತು ಮೀಟರಿನ ಆಸುಪಾಸಿನ ತಮ್ಮ ವೇಗದಲ್ಲೇ ಓಡುತ್ತಿರುತ್ತವೆ. ಎಷ್ಟು ಎಳೆ ಸತ್ತವು ಎಂಬುದು ತಿಳಿಯುತ್ತದೆ, ಬದುಕಿರುವವು ಯಾವ ಸ್ಥಿತಿಯಲ್ಲಿವೆ ಎಂಬುದು ತಿಳಿಯುವುದಿಲ್ಲ. ಕಿವಿ ಪರೀಕ್ಷಿಸುವವರು ಕಿವಿಯ ಹತ್ತಿರ ತಮಟೆ ಬಾರಿಸಿ ಕೇಳಿಸಿತೇ ಎಂದು ಕೇಳುವುದಿಲ್ಲ. ಸದ್ದನ್ನು ಇಳಿಸುತ್ತಾ ಹೋಗಿ ಎಷ್ಟು ಸಣ್ಣದು ಕೇಳುತ್ತದೆ ಎಂದು ನೋಡುತ್ತಾರೆ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನಲ್ಲಿ ಹ್ಯೂ ಬೋಸ್ಟಾಕ್ ನರಕ್ಕೆ ಮಾಡಿದ್ದು ಅದನ್ನೇ. ಸ್ನಾಯುವಿನ ಉತ್ತರ ಇಷ್ಟೇ ಇರಬೇಕೆಂದು ಮೊದಲೇ ಗೊತ್ತುಮಾಡಿ, ಅಷ್ಟನ್ನು ಹೊರಡಿಸಲು ಕನಿಷ್ಠ ಎಷ್ಟು ಕರೆಂಟ್ ಬೇಕೆಂಬುದನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹುಡುಕುತ್ತಿರುತ್ತದೆ. ಆ ಕನಿಷ್ಠವೇ ನರದ ಹೊಸ್ತಿಲು.

ಬೋಸ್ಟಾಕ್ ಜೊತೆ ಲಂಡನ್ನಿನಲ್ಲಿ ಕೆಲಸ ಮಾಡಿದ ಕೀರ್ನನ್, 2000ದಲ್ಲಿ ಆಸ್ಪತ್ರೆಯಲ್ಲೇ ಹತ್ತು ನಿಮಿಷದ ಸುಮಾರಿಗೆ ಮುಗಿಯುವ ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ರೋಗಿ ಕೈ ಚಾಚಿ ಕೂರುತ್ತಾನೆ. ಮಣಿಕಟ್ಟಿನ ಒಳಮೈಗೆ ಒಂದು ಪಟ್ಟಿ, ಹೆಬ್ಬೆರಳ ಬುಡದ ದಿಬ್ಬಕ್ಕೆ ಇನ್ನೊಂದು. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಸಣ್ಣಗೆ ಕರೆಂಟ್, ಹೆಬ್ಬೆರಳು ಮಿಸುಕುತ್ತದೆ, ಕಂಪ್ಯೂಟರ್ ಕರೆಂಟನ್ನು ಕೂದಲೆಳೆಯಷ್ಟು ಏರಿಸುತ್ತದೆ ಇಲ್ಲವೇ ಇಳಿಸುತ್ತದೆ. ನಡುನಡುವೆ ನರ ಸಿಡಿಯದಷ್ಟು ಮೆಲ್ಲಗೆ ಅದನ್ನು ಕೆಣಕಿ, ಆಗ ಹೊಸ್ತಿಲು ಎಷ್ಟು ಸರಿಯಿತು ಎಂದೂ ಅಳೆಯುತ್ತಾರೆ. ನೋಡಲು ಬೇಸರದ ಪರೀಕ್ಷೆ. ಅದರಿಂದ ಹೊರಬರುವ ನಾಲ್ಕೈದು ರೇಖೆಗಳಿಂದ ನರದೆಳೆಯ ಗೋಡೆಯಲ್ಲಿರುವ, ಮೈಕ್ರೋಸ್ಕೋಪಿಗೂ ಸುಲಭಕ್ಕೆ ಸಿಗದ ಬಾಗಿಲುಗಳ ನಡವಳಿಕೆ ಹೇಳಬಹುದೆಂಬುದು ಇದರ ಬೆರಗು.

ಬಾಗಿಲುಗಳಲ್ಲಿ ಮುಖ್ಯವಾದವು ಎರಡು ಬಗೆ. ಸೋಡಿಯಂ ಬಾಗಿಲು ತೆರೆದರೆ ನರ ಸಿಡಿಯುತ್ತದೆ, ಪೊಟ್ಯಾಸಿಯಂ ಬಾಗಿಲು ತೆರೆದರೆ ತಣ್ಣಗಾಗುತ್ತದೆ. ಆರೋಗ್ಯವಂತ ನರದಲ್ಲಿ ಸೋಡಿಯಂ ಬಾಗಿಲು ತೆರೆದ ಕೂಡಲೇ ಮುಚ್ಚಿಕೊಳ್ಳಬೇಕು. 1995ರಲ್ಲಿ ಬೋಸ್ಟಾಕ್ ಬಳಗ ಎಎಲ್‌ಎಸ್ ರೋಗಿಗಳ ನರದಲ್ಲಿ ಪೊಟ್ಯಾಸಿಯಂ ಬಾಗಿಲುಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತೋರಿಸಿತು. ಮುಂದೆ ಸಿಡ್ನಿಯ ಡೇವಿಡ್ ಬರ್ಕ್, ಕೀರ್ನನ್ ಮತ್ತಿತರರು ಸೋಡಿಯಂ ಬಾಗಿಲು ಪೂರ್ತಿ ಮುಚ್ಚದೆ ಸದಾ ಸೋರುತ್ತಿರುವ ಕುರುಹು ಕಂಡರು. ಬೆಂಕಿಯೂ ಹೆಚ್ಚು, ಆರಿಸುವ ನೀರೂ ಕಡಿಮೆ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಸತೋಷಿ ಕುವಾಬಾರಾ ತಂಡ 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಈ ಸೋರಿಕೆಯ ಸೂಚಕ ಹೆಚ್ಚಿದ್ದ ರೋಗಿಗಳು ಬೇಗ ತೀರಿಕೊಂಡಿದ್ದರು. ಪರಿಣಾಮವೋ ಕಾರಣವೋ ಎಂಬ ಪ್ರಶ್ನೆ ಇದರಿಂದ ಮುಗಿಯದಿದ್ದರೂ, ಸಿಡುಕುತನ ಬರೀ ಅಲಂಕಾರದ ಲಕ್ಷಣ ಅಲ್ಲವೆಂಬುದು ಖಾತ್ರಿಯಾಯಿತು.

ಆದರೆ ಮಣಿಕಟ್ಟಿನ ನರ ಎರಡನೆಯ ಹಂತದ್ದು. ಐಸೆನ್ ಊಹೆ ಪರೀಕ್ಷಿಸಲು ಮಿದುಳನ್ನೇ ಕೆಣಕಬೇಕು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಅದಕ್ಕೆ ದಾರಿ ಮಾಡಿಕೊಟ್ಟಿದ್ದರು. ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಕ್ಷಣಮಾತ್ರ ಬಲವಾದ ಕಾಂತಕ್ಷೇತ್ರ ಹುಟ್ಟಿಸಿದರೆ ಬುರುಡೆಯನ್ನು ದಾಟಿ ಮಿದುಳಿನಲ್ಲಿ ಕರೆಂಟ್ ಹರಿಯುತ್ತದೆ, ಎದುರುಬದಿಯ ಹೆಬ್ಬೆರಳು ಜಿಗಿಯುತ್ತದೆ. ಟಕ್ ಎಂಬ ಸದ್ದು ಬಿಟ್ಟರೆ ರೋಗಿಗೆ ಹೆಚ್ಚೇನೂ ಅನ್ನಿಸುವುದಿಲ್ಲ. ವೂಸಿಚ್ ಮತ್ತು ಕೀರ್ನನ್ 2006ರಲ್ಲಿ ಈ ಸುರುಳಿಗೂ ಬೋಸ್ಟಾಕ್‌ನ ಹೊಸ್ತಿಲು ಹುಡುಕುವ ಕ್ರಮಕ್ಕೂ ಗಂಟು ಹಾಕಿದರು. ತಂತ್ರ ಸರಳ. ಹೆಬ್ಬೆರಳು ಜಿಗಿಸುವ ಹೊಡೆತಕ್ಕೆ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಮೊದಲು ಒಂದು ದುರ್ಬಲ ಹೊಡೆತ ಕೊಡುವುದು. ಆರೋಗ್ಯವಂತರಲ್ಲಿ ಆ ಮೊದಲ ಹೊಡೆತ ಮಿದುಳಿನ ತಡೆಯುವ ಕೋಶಗಳನ್ನು ಎಚ್ಚರಿಸುತ್ತದೆ, ಎರಡನೆಯದಕ್ಕೆ ಹೆಬ್ಬೆರಳು ಜಿಗಿಯಬೇಕಾದರೆ ಮೊದಲಿಗಿಂತ ಹೆಚ್ಚು ಬಲ ಬೇಕಾಗುತ್ತದೆ. ಎಎಲ್‌ಎಸ್ ರೋಗಿಗಳಲ್ಲಿ ಈ ಬ್ರೇಕ್ ಸಡಿಲವಾಗಿತ್ತು, ಹಲವರಲ್ಲಿ ಇರಲೇ ಇಲ್ಲ. ಅದೂ ಕಾಯಿಲೆಯ ಆರಂಭದಲ್ಲೇ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬಂದದ್ದು ಕಾಯಿಲೆ ವಂಶಪಾರಂಪರ್ಯವಾಗಿ ಹರಿಯುವ ಕುಟುಂಬಗಳಿಂದ. ರೋಗಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಕುಟುಂಬದ ಹಿನ್ನೆಲೆ ಇರುತ್ತದೆ. ಅಂಥ ಕೆಲವು ಮನೆತನಗಳಲ್ಲಿ ಎಸ್‌ಒಡಿ1 ಎಂಬ ಜೀನಿನ ದೋಷ ಕಾರಣವೆಂದು 1993ರಲ್ಲೇ ಪತ್ತೆಯಾಗಿತ್ತು. ಸಿಡ್ನಿಯವರು ದೋಷವಿರುವ ಜೀನ್ ಹೊತ್ತೂ ಇನ್ನೂ ಆರೋಗ್ಯವಾಗಿರುವ ಸದಸ್ಯರನ್ನು ಕಾಲಕಾಲಕ್ಕೆ ಕರೆದು ಪರೀಕ್ಷಿಸುತ್ತಾ ಹೋದರು. ಬಹುತೇಕರ ಮಿದುಳಿನ ಬ್ರೇಕ್ ಸರಿಯಾಗಿಯೇ ಇತ್ತು. ಮುಂದೆ ಕಾಯಿಲೆ ಕಾಣಿಸಿಕೊಂಡವರಲ್ಲಿ ಮಾತ್ರ, ಕೈ ಸೋಲುವುದಕ್ಕೂ ಮೊದಲೇ, ಅದು ಸಡಿಲಗೊಂಡಿತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ಸಣ್ಣ ಗುಂಪಿನದು, ನಿಜ. ಆದರೆ ಇಂಥ ಮನೆತನಗಳೇ ವಿರಳ, ಅವರಲ್ಲಿ ವರ್ಷಗಟ್ಟಲೆ ಪರೀಕ್ಷೆಗೆ ಬರುವಷ್ಟು ಧೈರ್ಯ ಇರುವವರು ಇನ್ನೂ ವಿರಳ. ತನಗೆ ಏನು ಕಾದಿದೆಯೆಂದು ಗೊತ್ತಿದ್ದೂ ಆ ಕುರ್ಚಿಯಲ್ಲಿ ಕೂತು ತಲೆ ಒಡ್ಡಿದವರನ್ನು ಬಿಟ್ಟು ಈ ಸಂಶೋಧನೆಯನ್ನು ಯೋಚಿಸಲೂ ಆಗದು.

ಹಾಗಾದರೆ ಸಿಡಿಮಿಡಿ ತಗ್ಗಿಸುವ ಔಷಧ ಕೊಟ್ಟರೆ ಕಾಯಿಲೆ ನಿಲ್ಲಬೇಕಲ್ಲ? ಅಂಥ ಔಷಧ ಇದೆ, ನಮ್ಮಲ್ಲೂ ಸಿಗುತ್ತದೆ. ರಿಲುಜೋಲ್ ಸೋಡಿಯಂ ಸೋರಿಕೆಯನ್ನು ತಡೆಯುತ್ತದೆ, ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕದ ಬಿಡುಗಡೆಯನ್ನು ಕಡಿಮೆ ಮಾಡುತ್ತದೆ. 1994ರಲ್ಲಿ ಅದು ಕೆಲಸ ಮಾಡುತ್ತದೆಂದು ತೋರಿಸಿದ ಪ್ರಯೋಗವನ್ನು ಮುನ್ನಡೆಸಿದವರು ಶಾರ್ಕೋನ ಅದೇ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ವೈದ್ಯರು. ಲಾಭ? ಪ್ರಯೋಗಗಳ ಲೆಕ್ಕದಲ್ಲಿ ಎರಡು ಮೂರು ತಿಂಗಳ ಆಯುಸ್ಸು. ಸಿಡ್ನಿಯವರ ಅಳತೆ ಇದಕ್ಕೊಂದು ಕಾರಣ ಸೂಚಿಸಿತು. ರಿಲುಜೋಲ್ ಶುರುಮಾಡಿದ ಕೆಲವು ವಾರಗಳಲ್ಲಿ ಮಿದುಳಿನ ಬ್ರೇಕ್ ಸ್ವಲ್ಪ ಬಿಗಿಯಾಗುತ್ತದೆ, ಆಮೇಲೆ ಮತ್ತೆ ಸಡಿಲವಾಗುತ್ತದೆ. ಔಷಧದ ಪ್ರಭಾವ ಬಾಳಿಕೆ ಬರುವುದಿಲ್ಲ. ಅಪಸ್ಮಾರಕ್ಕೆ ಬಳಸುತ್ತಿದ್ದ ರೆಟಿಗಾಬಿನ್ ಎಂಬ ಇನ್ನೊಂದು ಔಷಧ ಪೊಟ್ಯಾಸಿಯಂ ಬಾಗಿಲು ತೆರೆಯುವಂಥದ್ದು. ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಅದು ಸಿಡುಕುತನವನ್ನೇನೋ ಇಳಿಸಿತು. ಆಯುಸ್ಸು ಹೆಚ್ಚಿಸುತ್ತದೆಯೇ ಎಂದು ತಿಳಿಯುವಷ್ಟು ದೊಡ್ಡ ಪ್ರಯೋಗ ಅದಾಗಿರಲಿಲ್ಲ.

ಎದುರುವಾದಿಗಳ ಮಾತನ್ನೂ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪೀಕೋ ಕರೋನಿ ಬಳಗ 2013ರಲ್ಲಿ ಎಸ್‌ಒಡಿ1 ದೋಷವಿರುವ ಇಲಿಗಳ ಮೇಲೆ ಮಾಡಿದ ಪ್ರಯೋಗ ಈ ಇಡೀ ವಾದವನ್ನು ತಲೆಕೆಳಗು ಮಾಡುವಂತಿದೆ. ಅಲ್ಲಿ ಚಾಲಕ ನರಕೋಶಗಳನ್ನು ಇನ್ನಷ್ಟು ಉದ್ರೇಕಿಸಿದಾಗ ಕಾಯಿಲೆ ನಿಧಾನವಾಯಿತು, ಉದ್ರೇಕ ತಗ್ಗಿಸಿದಾಗ ಬಿಗಡಾಯಿಸಿತು. ಸಿಡಿಯುವುದು ಆ ಕೋಶಗಳು ಬದುಕಲು ಮಾಡುವ ಹೋರಾಟ, ಅದನ್ನು ಅಡಗಿಸುವುದು ತಪ್ಪು ಎಂಬುದು ಅವರ ತೀರ್ಮಾನ. ಇಲಿಯ ಕಾಲಿನ ನರ ಮತ್ತು ಮನುಷ್ಯನ ಹೆಬ್ಬೆರಳನ್ನು ಆಳುವ ಮಿದುಳು ಒಂದೇ ಅಲ್ಲ. ಹೆಬ್ಬೆರಳ ಚಿಮುಟಕ್ಕಾಗಿ ನಮ್ಮ ಮಿದುಳಿನಿಂದ ಬೆನ್ನುಹುರಿಯ ಕೋಶಗಳಿಗಿರುವ ನೇರ ಸಂಪರ್ಕ ಇಲಿಗೆ ಇಲ್ಲ. ಇಲಿಯಲ್ಲಿ ಗೆದ್ದ ಔಷಧಗಳು ಮನುಷ್ಯರಲ್ಲಿ ಸಾಲುಸಾಲಾಗಿ ಸೋತದ್ದು ಈ ಕಾಯಿಲೆಯ ಇತಿಹಾಸದ ದೊಡ್ಡ ಅಧ್ಯಾಯವೇ. ಹಾಗೆಂದು ಬಾಸೆಲ್‌ನ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. ಅತಿ ಉದ್ರೇಕ ಮಿದುಳಿನಲ್ಲಿ ಕೇಡು ಮಾಡಿ ಬೆನ್ನುಹುರಿಯಲ್ಲಿ ಒಳಿತು ಮಾಡುತ್ತಿರಬಹುದೇ? ನನಗೆ ಅದು ಸಾಧ್ಯವೆನ್ನಿಸುತ್ತದೆ, ಸಾಬೀತಾಗಿಲ್ಲ.

ಚಿಕಿತ್ಸೆಯ ಮಾತು ಹಾಗಿರಲಿ. ಈ ಅಳತೆಗಳ ಬೆಲೆ ಸದ್ಯಕ್ಕೆ ಇರುವುದು ಇನ್ನೊಂದು ಕಡೆ, ಕಾಯಿಲೆಯನ್ನು ಹೆಸರಿಸುವುದರಲ್ಲಿ. ಮೊದಲ ಲಕ್ಷಣದಿಂದ ರೋಗನಿರ್ಣಯದವರೆಗೆ ಹೆಚ್ಚಿನ ದೇಶಗಳಲ್ಲಿ ವರ್ಷದ ಹತ್ತಿರ ಹಿಡಿಯುತ್ತದೆ. ಮೂರು ವರ್ಷದ ಆಯುಸ್ಸಿನಲ್ಲಿ ಒಂದು ವರ್ಷ! ಆ ವರ್ಷ ಹೋಗುವುದು ಎಲ್ಲಿ? ನಲವತ್ತು ದಾಟಿದವರ ಕತ್ತಿನ ಎಂಆರ್‌ಐ ತೆಗೆದರೆ ಏನಾದರೊಂದು ಸವೆತ ಕಂಡೇ ಕಾಣುತ್ತದೆ. ಕೈಗೆ ಬಲವಿಲ್ಲ, ಕತ್ತಿನಲ್ಲಿ ಸವೆತವಿದೆ, ಎರಡಕ್ಕೂ ಗಂಟು ಹಾಕಿ ಶಸ್ತ್ರಚಿಕಿತ್ಸೆಯವರೆಗೆ ಹೋದವರು ಜಗತ್ತಿನ ಎಲ್ಲ ಊರುಗಳಲ್ಲೂ ಇದ್ದಾರೆ. ಮಾತು ತೊದಲಿದರೆ ಕಿವಿ ಮೂಗು ಗಂಟಲಿನ ವೈದ್ಯರು, ಕಾಲು ಎಡವಿದರೆ ಮೂಳೆಯ ವೈದ್ಯರು, ನಡುವೆ ‘ನರದ ವೀಕ್‌ನೆಸ್’ ಎಂದು ಬಿ12 ಚುಚ್ಚುಮದ್ದು. ಇದರಲ್ಲಿ ವೈದ್ಯರ ತಪ್ಪಿನ ಜೊತೆ ನಿಯಮಗಳ ತಪ್ಪೂ ಇತ್ತು. 1990ರ ದಶಕದಲ್ಲಿ ಸ್ಪೇನಿನ ಎಲ್ ಎಸ್ಕೋರಿಯಲ್‌ನಲ್ಲಿ ರೂಪಿಸಿದ ಮಾನದಂಡ ಕಾಯಿಲೆಯನ್ನು ‘ಇರಬಹುದು’, ‘ಬಹುಶಃ ಇದೆ’, ‘ಖಚಿತ’ ಎಂದು ದರ್ಜೆಗಳಲ್ಲಿ ಇಟ್ಟಿತ್ತು. ‘ಇರಬಹುದು’ ಎಂಬ ದರ್ಜೆಯಲ್ಲೇ ರೋಗಿ ತೀರಿಕೊಂಡ ಉದಾಹರಣೆಗಳುಂಟು. 2019ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಸೇರಿದ ತಜ್ಞರು, ಅವರಲ್ಲಿ ಕೀರ್ನನ್ ಕೂಡ ಒಬ್ಬರು, ಈ ದರ್ಜೆಗಳನ್ನೇ ಕಿತ್ತುಹಾಕಿದರು. ಈಗ ಉತ್ತರ ಎರಡೇ: ಇದೆ, ಇಲ್ಲ. ಸಿಡ್ನಿಯ ಕಾಂತಪರೀಕ್ಷೆ ಇಲ್ಲಿ ಸಹಾಯಕ್ಕೆ ಬರುತ್ತದೆ. 2015ರ ಅವರ ಅಧ್ಯಯನದಲ್ಲಿ ಅದು ನೂರಕ್ಕೆ 73 ರೋಗಿಗಳನ್ನು ಸರಿಯಾಗಿ ಗುರುತಿಸಿತು, ಎಎಲ್‌ಎಸ್‌ನಂತೆ ತೋರುವ ಬೇರೆ ಕಾಯಿಲೆಯವರಲ್ಲಿ ನೂರಕ್ಕೆ 81 ಜನರನ್ನು ಸರಿಯಾಗಿ ಹೊರಗಿಟ್ಟಿತು. ಪರಿಪೂರ್ಣ ಅಲ್ಲ, ಆದರೆ ಕತ್ತಿಗೆ ಕತ್ತಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸಲು ಸಾಕು.

ಎಎಲ್‌ಎಸ್‌ನಂತೆ ತೋರುವ ಬೇರೆ ಕಾಯಿಲೆ ಎಂದಾಗ ಬೆಂಗಳೂರಿನ ನಿಮ್ಹಾನ್ಸ್ ನೆನಪಾಗಲೇಬೇಕು. 1984ರಲ್ಲಿ ಅಲ್ಲಿನ ಎಂ. ಗೌರಿದೇವಿ ಮತ್ತು ಸಂಗಡಿಗರು 23 ರೋಗಿಗಳ ವರದಿ ಪ್ರಕಟಿಸಿದರು. ಹೆಚ್ಚಿನವರು ಹರೆಯದ ಗಂಡುಮಕ್ಕಳು. ಒಂದೇ ಕೈ ಅಥವಾ ಒಂದೇ ಕಾಲು ಸೊರಗುತ್ತದೆ, ಕೆಲವು ವರ್ಷ ಮುಂದುವರಿದು ನಿಂತುಬಿಡುತ್ತದೆ. ಜೀವಕ್ಕೆ ಅಪಾಯವಿಲ್ಲ. ಜಪಾನಿನ ಹಿರಯಾಮಾ 1959ರಲ್ಲಿ ಕೈಗೆ ಸೀಮಿತವಾದ ಇಂಥದ್ದೇ ಕಾಯಿಲೆ ವಿವರಿಸಿದ್ದರು, ನಿಮ್ಹಾನ್ಸ್ ಬಳಗ ಕಾಲನ್ನೂ ಸೇರಿಸಿ ಅದಕ್ಕೆ ಕೊಟ್ಟ ಮಾನೋಮೆಲಿಕ್ ಅಮಯೋಟ್ರೋಫಿ ಎಂಬ ಹೆಸರು ಪಠ್ಯಪುಸ್ತಕಗಳಲ್ಲಿ ನಿಂತಿತು. ಈ ಹುಡುಗರ ಕೈ ಚಳಿಗೆ ಇನ್ನಷ್ಟು ಸೋಲುತ್ತದೆ. ಅವರ ಅಂಗೈ ನೋಡಿದರೆ ಪಂಕ್ತಿಭೇದ ಉಲ್ಟಾ: ಕಿರುಬೆರಳ ಕಡೆ ಹೆಚ್ಚು ಸೊರಗಿರುತ್ತದೆ, ಹೆಬ್ಬೆರಳ ದಿಬ್ಬ ವಾಸಿ. ಬರಿಗಣ್ಣಿನ ಈ ವ್ಯತ್ಯಾಸ ಗೊತ್ತಿದ್ದರೆ ಇಪ್ಪತ್ತರ ಹುಡುಗನೊಬ್ಬನ ಮನೆಯವರು ಮರಣಶಾಸನ ಕೇಳಿದವರಂತೆ ಕುಸಿಯುವುದು ತಪ್ಪುತ್ತದೆ.

ದಕ್ಷಿಣ ಭಾರತಕ್ಕೆ ತನ್ನದೇ ಆದ ಇನ್ನೊಂದು ಬಗೆಯೂ ಇದೆ. 1970ರಲ್ಲಿ ಮೀನಾಕ್ಷಿಸುಂದರಂ ಮತ್ತಿತರರು ಮದ್ರಾಸಿನಲ್ಲಿ ಮೊದಲು ವಿವರಿಸಿದ ಇದು ಎಳೆಯರಿಗೆ ಬರುತ್ತದೆ, ಕೈಕಾಲಿನ ಜೊತೆ ಮುಖದ ಸ್ನಾಯುಗಳು ಸೋಲುತ್ತವೆ, ಕಿವಿಯೂ ಕೇಳಿಸದಾಗುತ್ತದೆ, ಆದರೆ ದಶಕಗಟ್ಟಲೆ ಬದುಕಬಹುದು. ನಿಮ್ಹಾನ್ಸ್ 36 ವರ್ಷಗಳಲ್ಲಿ ಇಂಥ 116 ಜನರನ್ನು ಕಂಡಿದೆ. ಸಾಮಾನ್ಯ ಎಎಲ್‌ಎಸ್‌ನಲ್ಲೂ ನಮ್ಮ ಲೆಕ್ಕ ಬೇರೆ. ನಿಮ್ಹಾನ್ಸ್‌ನ ಎ. ನಳಿನಿ ಮತ್ತು ಸಹೋದ್ಯೋಗಿಗಳು ಮೂವತ್ತು ವರ್ಷಗಳ 1,153 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟಿಸಿದಾಗ ಕಾಯಿಲೆ ಶುರುವಾದ ಸರಾಸರಿ ವಯಸ್ಸು 46, ಅಂದರೆ ಪಾಶ್ಚಾತ್ಯರಿಗಿಂತ ಹತ್ತು ವರ್ಷಕ್ಕೂ ಮೊದಲು. ಬದುಕಿದ ಅವಧಿಯೂ ಅಲ್ಲಿಗಿಂತ ಹೆಚ್ಚು. ನಮ್ಮ ಜನಸಂಖ್ಯೆಯೇ ಎಳೆಯದಾದ್ದರಿಂದ ಹೀಗೆ ಕಾಣುತ್ತಿರಬಹುದು, ದೊಡ್ಡಾಸ್ಪತ್ರೆಗೆ ಬರುವವರ ಲೆಕ್ಕ ಇಡೀ ನಾಡಿನ ಲೆಕ್ಕವೂ ಅಲ್ಲ. ಆದರೂ ಪಾಶ್ಚಾತ್ಯ ಅಂಕಿಗಳನ್ನು ಇಂಟರ್ನೆಟ್‌ನಲ್ಲಿ ಓದಿ ಎದೆಯೊಡೆದುಕೊಂಡ ಕುಟುಂಬಗಳಿಗೆ ಈ ವಿಷಯ ಗೊತ್ತಿರಬೇಕು.

ಸಿಡಿಮಿಡಿಯ ವಾದಕ್ಕೂ ನಿಮ್ಹಾನ್ಸ್‌ನ ಪ್ರಯೋಗಾಲಯದಿಂದ ಒಂದು ಎಳೆ ಸೇರಿದೆ. ಟಿ.ಆರ್. ರಾಜು ಅವರ ಬಳಗ 1990ರ ದಶಕದಿಂದ ಎಎಲ್‌ಎಸ್ ರೋಗಿಗಳ ಮಿದುಳುಬಳ್ಳಿಯ ದ್ರವವನ್ನು ಹುಟ್ಟಿದ ಕೆಲವೇ ದಿನಗಳ ಇಲಿಮರಿಗಳ ಬೆನ್ನುಹುರಿಗೆ ಸೇರಿಸಿ ಏನಾಗುತ್ತದೆಂದು ನೋಡುತ್ತಾ ಬಂದಿದೆ. ರೋಗಿಯ ದ್ರವ ತಾಗಿದ ಕೋಶಗಳಲ್ಲಿ ಗ್ಲುಟಮೇಟನ್ನು ಗುಡಿಸಿಹಾಕುವ ವ್ಯವಸ್ಥೆ ಕುಂಠಿತವಾಯಿತು, ಸೋಡಿಯಂ ಮತ್ತು ಪೊಟ್ಯಾಸಿಯಂ ಬಾಗಿಲುಗಳ ಪ್ರಮಾಣವೇ ಬದಲಾಯಿತು. ಸಿಡ್ನಿಯವರು ಮಣಿಕಟ್ಟಿನಲ್ಲಿ ಕರೆಂಟ್ ಕೊಟ್ಟು ಹೊರಗಿನಿಂದ ಊಹಿಸಿದ್ದೂ ಬೆಂಗಳೂರಿನವರು ಕೋಶದೊಳಗೆ ಕಂಡದ್ದೂ ಇದೇ ಬಾಗಿಲುಗಳ ಏರುಪೇರನ್ನು. ಕಾಯಿಲೆಯ ಯಾವುದೋ ವಿಷ ಆ ದ್ರವದಲ್ಲಿ ತೇಲುತ್ತಿದೆ ಎಂದಂತಾಯಿತು. ಆ ವಿಷ ಯಾವುದೆಂಬ ಹುಡುಕಾಟ ಮುಗಿದಿಲ್ಲ.

ಇಷ್ಟು ಓದಿ ಯಾರಾದರೂ ತಮ್ಮ ರೆಪ್ಪೆ ಅದುರುವುದನ್ನೋ ತೊಡೆ ಪಟಪಟ ಎನ್ನುವುದನ್ನೋ ನೆನೆದು ಗಾಬರಿಯಾಗಿದ್ದರೆ ಒಂದು ಮಾತು. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ, ದುಡಿದು ದಣಿದಾಗ ಆರೋಗ್ಯವಂತರ ಸ್ನಾಯುವೂ ಅದುರುತ್ತದೆ. ಬಲ ಕುಂದದೆ, ಮಾಂಸ ಕರಗದೆ, ಬರೀ ಅದುರುವಿಕೆ ಇದ್ದರೆ ಅದು ಈ ಕಾಯಿಲೆ ಆಗಿರುವುದು ತೀರಾ ಅಪರೂಪ. ನೋಡಬೇಕಾದ್ದು ಬಲವನ್ನು: ನೋವಿಲ್ಲದೆ, ಮರಗಟ್ಟದೆ, ವಾರದಿಂದ ವಾರಕ್ಕೆ ಕುಗ್ಗುವ ಬಲ. ಅಂಥವರು ಮೂಳೆ ವೈದ್ಯರ ಸರದಿಯಲ್ಲಿ ನಿಲ್ಲದೆ ನೇರ ನರವೈದ್ಯರ ಬಳಿ ಹೋಗುವುದು ಮೇಲು. ಬೇಗ ಗೊತ್ತಾದರೆ ಗುಣವಾಗುತ್ತದೆಂದು ಹೇಳುವಂತಿಲ್ಲ. ಆದರೆ ರಾತ್ರಿ ಉಸಿರಿಗೆ ನೆರವಾಗುವ ಯಂತ್ರವನ್ನು ಯಾವಾಗ ತರಬೇಕು, ನುಂಗಲು ಕಷ್ಟವಾಗುವ ಮೊದಲು ಹೊಟ್ಟೆಗೆ ನಳಿಕೆ ಹಾಕಿಸಬೇಕೇ ಎಂಬುದನ್ನು ರೋಗಿಯೇ ನಿರ್ಧರಿಸಲು ಸಮಯ ಸಿಗುತ್ತದೆ. ಉಸಿರಿನ ಯಂತ್ರ ರಿಲುಜೋಲ್‌ಗಿಂತ ಹೆಚ್ಚು ಆಯುಸ್ಸು ಕೊಡುತ್ತದೆ, ನುಂಗುವ ಮತ್ತು ಮಾತಿನ ಸ್ನಾಯುಗಳು ಇನ್ನೂ ಗಟ್ಟಿಯಿರುವವರಿಗೆ ವಿಶೇಷವಾಗಿ.

ಬೇಗ ಗೊತ್ತಾಗಬೇಕು ಎನ್ನುವುದಕ್ಕೆ ಈಗ ಇನ್ನೊಂದು ಕಾರಣವೂ ಬಂದಿದೆ. ಎಸ್‌ಒಡಿ1 ದೋಷವಿರುವವರಿಗೆ, ಅಂದರೆ ಒಟ್ಟು ರೋಗಿಗಳಲ್ಲಿ ನೂರಕ್ಕೆ ಇಬ್ಬರಿಗೆ, ಬೆನ್ನಿನ ಮೂಲಕ ಕೊಡುವ ಟೊಫರ್ಸೆನ್ ಎಂಬ ಔಷಧಕ್ಕೆ ಅಮೆರಿಕ 2023ರ ಏಪ್ರಿಲ್‌ನಲ್ಲಿ ಷರತ್ತಿನ ಅನುಮತಿ ಕೊಟ್ಟಿತು. ಆರು ತಿಂಗಳ ಪ್ರಯೋಗದಲ್ಲಿ ರೋಗಿಗಳ ಬಲದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣದಿದ್ದರೂ, ಸಾಯುವ ನರದೆಳೆಗಳಿಂದ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನ್ ಇಳಿದದ್ದೇ ಅನುಮತಿಗೆ ಆಧಾರವಾಯಿತು. ಇಲಿಮರಿಗಳ ಬೆನ್ನುಹುರಿಯಲ್ಲಿ ನಿಮ್ಹಾನ್ಸ್ 1995ರಲ್ಲಿ ಕೆಟ್ಟ ರೂಪದಲ್ಲಿ ಕಂಡಿದ್ದೂ ಇದೇ ಪ್ರೋಟೀನನ್ನು. 2021ರಲ್ಲಿ ಆರಂಭವಾದ ಅಟ್ಲಾಸ್ ಎಂಬ ಪ್ರಯೋಗ ಇನ್ನೂ ಮುಂದಕ್ಕೆ ಹೋಗಿ, ಲಕ್ಷಣವೇ ಇಲ್ಲದ ಎಸ್‌ಒಡಿ1 ಕುಟುಂಬದವರಿಗೆ ಮೊದಲೇ ಔಷಧ ಕೊಟ್ಟು ಕಾಯಿಲೆ ತಡೆಯಬಹುದೇ ಎಂದು ನೋಡುತ್ತಿದೆ. ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸಲು ಅವರು ಆರಿಸಿಕೊಂಡದ್ದು ರಕ್ತದಲ್ಲಿನ ನ್ಯೂರೋಫಿಲಮೆಂಟ್ ಏರಿಕೆಯನ್ನು. ಇಂಥದ್ದೇ ಮನೆತನಗಳಲ್ಲಿ 2008ರಲ್ಲೇ ಮುನ್ಸೂಚನೆ ಕೊಟ್ಟಿದ್ದ ಕಾಂತಸುರುಳಿಯನ್ನಲ್ಲ. ನನ್ನ ಊಹೆ ಕೇಳಿದರೆ ಕಾರಣ ವಿಜ್ಞಾನದ್ದಷ್ಟೇ ಅಲ್ಲ, ವ್ಯವಹಾರದ್ದೂ ಹೌದು. ರಕ್ತದ ಸೀಸೆಯನ್ನು ಯಾವ ಊರಿನಿಂದಲೂ ಕೊರಿಯರ್ ಮಾಡಬಹುದು, ಸುರುಳಿ ಹಿಡಿಯಲು ಪಳಗಿದ ಕೈ ಬೇಕು, ಅಂಥ ಕೈಗಳಿರುವ ಪ್ರಯೋಗಾಲಯಗಳು ಲೋಕದಲ್ಲಿ ಇನ್ನೂ ಕೆಲವೇ.